ಲಿಕ್ಸ್‌ನ ಮುಂದಿನ ಆವೃತ್ತಿಗೆ ನನ್ನದೊಂದು ಬೇಡಿಕೆ

ಲೇಖನ, ಪುಸ್ತಕ ಬರೆಯಲು ಬಳಸುವ ಲಿಕ್ಸ್ (LyX) ಎನ್ನುವ ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ ಏನಿರಬೇಕು ಅಂತ ಕೇಳಿದರೆ ಎಲ್ಲರ ಹತ್ತಿರವೂ ಒಂದು ಪಟ್ಟಿ ಇರುತ್ತದೆ. ಬ್ರೌಸರಿನಲ್ಲೇ ಓಡಬೇಕು, ನಾಲ್ಕು ಜನ ಒಟ್ಟಿಗೆ ಒಂದೇ ಫೈಲು ತಿದ್ದುವಂತಿರಬೇಕು, ಈಗಂತೂ ಎಐ ಬೇರೆ. ನಾನು ಕೇಳುವುದು ಒಂದೇ. ಆಜ್ಞೆಗಳನ್ನು ಬರೆದು ಪುಟ ಜೋಡಿಸುವ ಲೇಟೆಕ್‌ಗೆ (LaTeX) ಹೋಗಿ ವಾಪಸ್ ಬರುವ ಫೈಲು ಕೈಕಾಲು ಮುರಿದುಕೊಳ್ಳದೆ ಬರಬೇಕು.

ಲಿಕ್ಸ್ ಬಳಸದವರಿಗೆ ಎರಡು ಮಾತು. 1995ರಲ್ಲಿ ಮಥಿಯಾಸ್ ಎಟ್ರಿಖ್ ಇದನ್ನು ಶುರು ಮಾಡಿದರು. ಮರುವರ್ಷ ಲಿನಕ್ಸ್ ಬಳಸುವವರಿಗೆ ಪರಿಚಿತವಾದ ಕೆಡಿಇ ಡೆಸ್ಕ್‌ಟಾಪ್ ಶುರು ಮಾಡಿದವರೂ ಅವರೇ. ಬರೆಯುವುದು ಲಿಕ್ಸ್‌ನಲ್ಲಿ, ಪುಟ ಜೋಡಿಸುವ ಕೆಲಸ ಹಿಂದೆ ಕೂತಿರುವ ಲೇಟೆಕ್‌ನದ್ದು. ಕಂಟ್ರೋಲ್-ಎಂ ಒತ್ತಿ, ಬ್ಯಾಕ್‌ಸ್ಲ್ಯಾಶ್ ಹಾಕಿ ಆಲ್ಫಾ ಅಂತ ಟೈಪ್ ಮಾಡಿ ಸ್ಪೇಸ್ ಹೊಡೆದರೆ ಅಲ್ಲೇ ಆ ಗ್ರೀಕ್ ಅಕ್ಷರ ಬಂದು ಕೂರುತ್ತದೆ. ಫ್ರ್ಯಾಕ್ ಅಂದರೆ ಭಿನ್ನರಾಶಿಗೆ ಮೇಲೊಂದು ಕೆಳಗೊಂದು ಖಾಲಿ ಜಾಗ. ಉದ್ದನೆಯ ಸಮೀಕರಣ ತಿದ್ದುವಾಗ ಇದರ ಸುಖ ಗೊತ್ತಾಗುತ್ತದೆ.

ಒಬ್ಬರೇ ಬರೆಯುವವರೆಗೆ ಎಲ್ಲ ಚೆನ್ನ. ನನ್ನ ಸಹಲೇಖಕರು ಲಿಕ್ಸ್ ಮುಟ್ಟುವುದಿಲ್ಲ. ನಾನು ಲೇಟೆಕ್‌ಗೆ ಎಕ್ಸ್‌ಪೋರ್ಟ್ ಮಾಡಿ ಕಳಿಸುತ್ತೇನೆ. ಅವರು ಎರಡು ವಾಕ್ಯ ತಿದ್ದಿ, ತಮ್ಮದೊಂದು ಮ್ಯಾಕ್ರೋ (ತಾವೇ ಮಾಡಿಕೊಂಡ ಆಜ್ಞೆ) ಸೇರಿಸಿ ವಾಪಸ್ ಕಳಿಸುತ್ತಾರೆ. ಅದನ್ನು ಟೆಕ್‌ಟುಲಿಕ್ಸ್ ಎನ್ನುವ ಪರಿವರ್ತಕ ಒಳಗೆ ತರುತ್ತದೆ. ತನಗೆ ಅರ್ಥವಾಗದ್ದನ್ನು ಕೆಂಪಕ್ಷರದ ಡಬ್ಬಿಯಲ್ಲಿ ಹಾಗೇ ಇಡುತ್ತದೆ. ಅದು ಸರಿಯೇ, ಬಿಸಾಡುವುದಕ್ಕಿಂತ ವಾಸಿ. ತಲೆನೋವು ಶುರುವಾಗುವುದು ಮತ್ತೆ ಎಕ್ಸ್‌ಪೋರ್ಟ್ ಮಾಡಿದಾಗ. ಸಾಲುಗಳು ಬೇರೆ ಬೇರೆ ಕಡೆ ಮುರಿದಿರುತ್ತವೆ, ಫೈಲಿನ ಮೇಲ್ಗಡೆ ಸಿದ್ಧತೆಯ ಆಜ್ಞೆಗಳಿರುವ ಪ್ರಿಯಾಂಬಲ್ ಬೇರೆಯೇ ವೇಷದಲ್ಲಿರುತ್ತದೆ. ಫೈಲಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಡಿಫ್, ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ, ನೋಡಿದರೆ ಎರಡು ವಾಕ್ಯದ ಬದಲು ಇಡೀ ಫೈಲೇ ಕೆಂಪು-ಹಸಿರು. "ನಾನು ಬರೆದದ್ದನ್ನೆಲ್ಲ ಯಾಕೆ ಬದಲಾಯಿಸಿದಿರಿ?" ಅಂತ ಅವರು ಕೇಳುತ್ತಾರೆ. ಏನಂತ ಹೇಳಲಿ?

ಒಳಗೆ ಬಂದ ಮೇಲೆ ಯಾರೂ ಮುಟ್ಟದ ಪ್ಯಾರಾ, ಹೊರಗೆ ಹೋಗುವಾಗ ಬಂದ ಹಾಗೇ ಹೋಗಬೇಕು. ಇಷ್ಟೇ ನನ್ನ ಬೇಡಿಕೆ. ಕೇಳುವುದು ಸುಲಭ. ಪ್ಯಾರಾದ ಮೂಲ ರೂಪವನ್ನು ಎಲ್ಲಾದರೂ ಇಟ್ಟುಕೊಳ್ಳಬೇಕಲ್ವಾ? ಅಂದರೆ ಲಿಕ್ಸ್‌ನ ಫೈಲ್ ಫಾರ್ಮ್ಯಾಟ್ ಬದಲಾಗಬೇಕು.

ಗಂಟು ಇರುವುದು ಇಲ್ಲೇ. ಯಾವುದಾದರೂ ಲಿಕ್ಸ್ ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ನೋಡಿ. ಮೇಲ್ಗಡೆಯೇ ಫಾರ್ಮ್ಯಾಟ್‌ನ ಸಂಖ್ಯೆ ಇರುತ್ತದೆ. ಲಿಕ್ಸ್ 2.3ರದ್ದು 544, 2.4ರದ್ದು 620. ನಡುವಿನ ಒಂದೊಂದು ಸಂಖ್ಯೆಯೂ ಒಂದೊಂದು ಬದಲಾವಣೆ. ಪ್ರತಿ ಬದಲಾವಣೆಗೂ ಹಳೆಯದನ್ನು ಹೊಸದಾಗಿಸುವ, ಹೊಸದನ್ನು ಹಳೆಯದಾಗಿಸುವ ಪೈಥಾನ್ ಕೋಡ್ ಬರೆಯಬೇಕು. ಲಿಕ್ಸ್‌ಟುಲಿಕ್ಸ್ ಅಂತ ಅದರ ಹೆಸರು. 1.6ರ ಕಾಲದ ನನ್ನ ಟಿಪ್ಪಣಿಗಳು ಇವತ್ತಿಗೂ ತೆರೆಯುತ್ತವೆ ಅಂದರೆ ಈ ಶಿಸ್ತೇ ಕಾರಣ. ಇದನ್ನು ಸಡಿಲ ಮಾಡಿ ಅಂತ ನಾನಂತೂ ಹೇಳುವುದಿಲ್ಲ.

ಆದರೆ ಇದೇ ಶಿಸ್ತಿನ ಇನ್ನೊಂದು ಭಾಗ ಏನಂದರೆ, 2.4.1, 2.4.2 ಅಂತ ಬರುವ ಸಣ್ಣ ಬಿಡುಗಡೆಗಳಲ್ಲಿ ಫಾರ್ಮ್ಯಾಟ್ ಮುಟ್ಟುವಂತಿಲ್ಲ. ದೊಡ್ಡ ಬಿಡುಗಡೆಗೇ ಕಾಯಬೇಕು. 2.3.0 ಬಂದದ್ದು 2018ರ ಮಾರ್ಚ್‌ನಲ್ಲಿ, 2.4.0 ಬಂದದ್ದು 2024ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಒಬ್ಬರು ಪಿಎಚ್‌ಡಿ ಮುಗಿಸಿ, ಲಿಕ್ಸ್ ಬಿಟ್ಟು, ವರ್ಡ್‌ಗೂ ಹೋಗಿರಬಹುದು.

ಯಾರನ್ನೂ ದೂರುತ್ತಿಲ್ಲ. ಲಿಕ್ಸ್ ಕಟ್ಟುವವರು ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಕೆಲವೇ ಜನ. ಕಿಟಕಿ, ಮೆನು ತೋರಿಸಲು ಲಿಕ್ಸ್ ಬಳಸುವ ಕ್ಯೂಟಿ (Qt) ಎನ್ನುವ ತಂತ್ರಾಂಶದ 5ರಿಂದ 6ಕ್ಕೆ ಸಾಗಿಸುವಂಥ ಕೆಲಸ ಎಷ್ಟು ಸಮಯ ತಿನ್ನುತ್ತದೆ ಅಂತ ಬಳಸುವವರಿಗೆ ಕಾಣುವುದೇ ಇಲ್ಲ. ಅದಕ್ಕೇ ಹೇಳುವುದು, ಮುಂದಿನ ದೊಡ್ಡ ಬಿಡುಗಡೆಯ ಪಟ್ಟಿ ಚಿಕ್ಕದಿರಲಿ. ಫಾರ್ಮ್ಯಾಟ್ ಬದಲಿಸುವ ಒಂದೆರಡು ಕೆಲಸ ಇಟ್ಟುಕೊಂಡು, ಮುಗಿದ ಕೂಡಲೇ ಹೊರಗೆ ಬಿಡಿ. ಇದೂ ಇರಲಿ ಅದೂ ಇರಲಿ ಅಂತ ಕಾಯುವುದು ಬೇಡ.

ಒಂದೇ ಬೇಡಿಕೆ ಅಂದಿದ್ದೆ, ಆದರೂ ಇನ್ನೊಂದನ್ನು ನುಸುಳಿಸುತ್ತೇನೆ. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರು ಸರಿಯಾಗಿ ಓದಬಲ್ಲ ಟ್ಯಾಗ್ಡ್ ಪಿಡಿಎಫ್, ಅಂದರೆ ಶೀರ್ಷಿಕೆ ಯಾವುದು ಪ್ಯಾರಾ ಯಾವುದು ಅನ್ನುವ ಗುರುತು ಒಳಗೇ ಇರುವ ಪಿಡಿಎಫ್. ಲೇಟೆಕ್ ತಂಡ ಇದರ ಮೇಲೆ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದೆ. ಅದಕ್ಕೆ ಬೇಕಾದ ಡಾಕ್ಯುಮೆಂಟ್‌ಮೆಟಾಡೇಟಾ ಎನ್ನುವ ಆಜ್ಞೆ ಬರಹ ಯಾವ ಬಗೆಯದು ಅಂತ ಹೇಳುವ ಡಾಕ್ಯುಮೆಂಟ್‌ಕ್ಲಾಸ್ ಸಾಲಿಗಿಂತ ಮೊದಲೇ ಬರಬೇಕು. ಬಳಕೆದಾರರ ಪ್ರಿಯಾಂಬಲ್ ಬರುವುದು ಅದಾದ ಮೇಲೆ. ಹಾಗಾಗಿ ಎಡಿಟರೇ ಇದಕ್ಕೆ ಅಚ್ಚುಕಟ್ಟಾದ ಜಾಗ ಕೊಡಬೇಕು. ಚಿತ್ರ ಸೇರಿಸುವಾಗ ಅದರ ವಿವರಣೆ ಬರೆಯುವುದೂ ಶೀರ್ಷಿಕೆ ಬರೆಯುವಷ್ಟೇ ಸಲೀಸಾಗಬೇಕು.

ಎಲ್ಲರೂ ಒಟ್ಟಿಗೆ ತಿದ್ದುವ ಸೌಲಭ್ಯಕ್ಕೆ ನನ್ನ ಓಟಿಲ್ಲ. ಅದಕ್ಕೆ ಸರ್ವರ್ ಬೇಕು, ಸರ್ವರ್ ಕೆಟ್ಟಾಗ ಎದ್ದು ನೋಡುವವರು ಬೇಕು. ಬದಲಾವಣೆ ಗುರುತಿಸುವುದು, ಎರಡು ಫೈಲುಗಳನ್ನು ಹೋಲಿಸುವುದು ಈಗಾಗಲೇ ಇದೆ. ನನಗೆ ಅಷ್ಟು ಸಾಕು.

ಸುಮ್ನೆ ಬೇಡಿಕೆ ಇಟ್ಟು ಕೂರುವುದೂ ಸರಿಯಲ್ಲ. ಹೋಗಿ ಬರುವಾಗ ಮುರಿಯುವ ಚಿಕ್ಕ ಚಿಕ್ಕ ಲೇಟೆಕ್ ಫೈಲುಗಳನ್ನು ನಾನು ಕೂಡಿಡುತ್ತಿದ್ದೇನೆ. ಪರೀಕ್ಷೆಗೆ ಬಳಸಬಹುದಾದಂಥವು. ನಿಮ್ಮ ಹತ್ತಿರವೂ ಇದ್ದರೆ ಕಳಿಸಿ. ಇಡೀ ಥೀಸಿಸ್ ಬೇಡ ಮಾರಾಯ್ರೆ, ಮುರಿಯುವ ಜಾಗದ ಹತ್ತು ಸಾಲು ಸಾಕು.