ಕೊನೇಲಿ ಸೈನ್ ಹಾಕೋದು ಮನುಷ್ಯನೇ ಅಲ್ವಾ?

ಎಐಗೆ ಕಾನೂನಿನ ಕಡಿವಾಣ ಬೇಕು ಅಂದ್ರೆ ಸಾಕು, ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, "ಅಯ್ಯೋ ಸುಮ್ನಿರಿ ಮೇಡಂ, ಮೆಷಿನ್ ಬರೀ ಸ್ಕೋರ್ ಕೊಡುತ್ತೆ, ಕೊನೇಲಿ ಸೈನ್ ಹಾಕೋದು ಮನುಷ್ಯನೇ ಅಲ್ವಾ" ಅಂತ. ಇದನ್ನ ಕೇಳಿದಾಗೆಲ್ಲ ನನಗೆ ನೆದರ್ಲೆಂಡ್ಸ್ ಕಥೆ ಹೇಳ್ಬೇಕು ಅನ್ಸುತ್ತೆ.

ಅಲ್ಲಿ ಕೆಲಸಕ್ಕೆ ಹೋಗೋ ಅಪ್ಪ ಅಮ್ಮಂದಿರಿಗೆ ಮಕ್ಕಳ ಡೇಕೇರ್ ಖರ್ಚಿಗೆ ಸರ್ಕಾರ ಒಂದಷ್ಟು ದುಡ್ಡು ಕೊಡುತ್ತೆ, ಆಗ ಅದನ್ನ ನೋಡ್ಕೋತಿದ್ದಿದ್ದು ಟ್ಯಾಕ್ಸ್ ಇಲಾಖೆ. ಯಾವ ಅರ್ಜಿ ಮೇಲೆ ಡೌಟ್ ಪಡ್ಬೇಕು ಅಂತ ಆರಿಸೋಕೆ 2013ರಿಂದ ಒಂದು ರಿಸ್ಕ್ ಮಾಡೆಲ್ (ಪ್ರತಿ ಅರ್ಜಿಗೂ ಅನುಮಾನದ ಸ್ಕೋರ್ ಕೊಡೋ ಕಂಪ್ಯೂಟರ್ ಪ್ರೋಗ್ರಾಂ) ಇಟ್ಕೊಂಡಿದ್ರು, ಅದು ನೋಡೋ ವಿಷಯಗಳಲ್ಲಿ ಅರ್ಜಿದಾರ ಡಚ್ ಪ್ರಜೆನೋ ಅಲ್ವೋ ಅನ್ನೋದೂ ಒಂದು. ಸ್ಕೋರ್ ಜಾಸ್ತಿ ಬಂದ್ರೆ ಫೈಲ್ ಸೀದಾ ಒಬ್ಬ ನೌಕರನ ಟೇಬಲ್ಲಿಗೆ. ಆದ್ರೆ ಯಾಕೆ ಜಾಸ್ತಿ ಬಂತು ಅಂತ ಆ ನೌಕರನಿಗೂ ಗೊತ್ತಾಗ್ತಿರ್ಲಿಲ್ಲ! ಕಾರಣ ಗೊತ್ತಿಲ್ದೆ ಫೈಲ್ ಕೈಗೆ ಬಂದ್ರೆ ಯಾರೇ ಆದ್ರೂ ಏನ್ ಮಾಡ್ತಾರೆ, ಇದ್ರಲ್ಲಿ ಏನೋ ಇದ್ದೇ ಇರುತ್ತೆ ಅಂತ ಹುಡುಕ್ತಾರೆ, ಹುಡುಕಿದ್ರೆ ಒಂದು ಸೈನ್ ಬಿಟ್ಟಿರೋದೋ ತಾವು ಕಟ್ಬೇಕಾದ ಪಾಲಲ್ಲಿ ಚೂರು ಕಮ್ಮಿ ಕಟ್ಟಿರೋದೋ ಸಿಕ್ಕೇ ಸಿಗುತ್ತೆ, ಅಷ್ಟಕ್ಕೇ ಇಡೀ ವರ್ಷದ ದುಡ್ಡು ವಾಪಸ್ ಕೊಡಿ ಅಂತ ನೋಟಿಸ್. ಹತ್ತಾರು ಸಾವಿರ ಯೂರೋ ಸಾಲ ತಲೆ ಮೇಲೆ ಬಿದ್ದು ಮನೆ ಕಳ್ಕೊಂಡೋರಿದ್ದಾರೆ, ಡಿವೋರ್ಸ್ ಆದೋರಿದ್ದಾರೆ. 2021ರ ಜನವರಿಯಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಸಂಪುಟನೇ ರಾಜೀನಾಮೆ ಕೊಡ್ತು. ಆ ವರ್ಷದ ಕೊನೇಲಿ, ಜನರ ಖಾಸಗಿ ಮಾಹಿತಿ ಕಾಯೋ ಅಲ್ಲಿನ ಡೇಟಾ ಪ್ರಾಧಿಕಾರ ಈ ಇಲಾಖೆಗೆ 27.5 ಲಕ್ಷ ಯೂರೋ ದಂಡ ಹಾಕ್ತು. (ಸರ್ಕಾರದ ಒಂದು ಜೇಬಿಂದ ಇನ್ನೊಂದು ಜೇಬಿಗೆ, ಅದು ಬೇರೆ ಮಾತು.)

ಅಂದ್ರೆ ಮನುಷ್ಯ ಅಲ್ಲೂ ಇದ್ದ.

ನಾನು ಲೋನ್ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡೋಳು, ಹಂಗಾಗಿ ಆ ಸೈನ್ ಹೆಂಗೆ ಬೀಳುತ್ತೆ ಅಂತ ದಿನಾ ನೋಡ್ತೀನಿ. ಆಫೀಸರ್ ಸ್ಕ್ರೀನಲ್ಲಿ ಎಡಗಡೆ ಅರ್ಜಿ, ಬಲಗಡೆ ಕೆಂಪೋ ಹಸಿರೋ ಒಂದು ಸ್ಕೋರ್. ಸ್ಕೋರ್ ಹೇಳಿದಂಗೆ ರಿಜೆಕ್ಟ್ ಮಾಡೋಕೆ ಒಂದು ಕ್ಲಿಕ್ ಸಾಕು, ಕಾರಣದ ಜಾಗದಲ್ಲಿ "ಕ್ರೆಡಿಟ್ ಪಾಲಿಸಿ" ಅಂತ ಮೊದಲೇ ತುಂಬ್ಕೊಂಡಿರುತ್ತೆ. ಸ್ಕೋರಿಗೆ ಉಲ್ಟಾ ಹೋಗ್ಬೇಕಾ? ಟೈಪ್ ಮಾಡಿ ಸಮಜಾಯಿಷಿ ಕೊಡ್ಬೇಕು, ಮ್ಯಾನೇಜರ್ ಅಪ್ರೂವಲ್ ಹಾಕಿಸ್ಬೇಕು, ನಾಳೆ ಆ ಲೋನ್ ಮುಳುಗಿದ್ರೆ ಕೆಟ್ಟ ಹೆಸರು ತನಗೇ. ತಿಂಗಳ ಟಾರ್ಗೆಟ್ ಇಟ್ಕೊಂಡು ಯಾರು ಈ ತಲೆನೋವು ತಗೋತಾರೆ ಹೇಳಿ? ಜಾತಿ ಧರ್ಮದ ಕಾಲಂ ನಮ್ಮಲ್ಲಿಲ್ಲ ಅಂತ ಹೆಮ್ಮೆಯಿಂದ ಹೇಳ್ಕೋತಾರೆ, ಆದ್ರೆ ಪಿನ್‌ಕೋಡ್ ಇದೆಯಲ್ಲ. ಲೋನ್ ಕೊಡೋಕೆ ಹಿಂದೇಟು ಹಾಕೋ ಜಾಗಕ್ಕೆ ಫೀಲ್ಡಲ್ಲಿ "ನೆಗೆಟಿವ್ ಏರಿಯಾ" ಅಂತಾರೆ, ಆ ಏರಿಯಾಗಳಲ್ಲಿ ಯಾರಿರ್ತಾರೆ ಅಂತ ಬೆಂಗಳೂರಲ್ಲಿ ಮನೆ ಹುಡುಕಿದ ಯಾರನ್ನ ಕೇಳಿದ್ರೂ ಹೇಳ್ತಾರೆ.

ಕಾನೂನು ಸೋರೋದೂ ಇಲ್ಲೇ. ಯುರೋಪಿನ ಡೇಟಾ ಕಾನೂನು ಜಿಡಿಪಿಆರ್‌ನ 22ನೇ ವಿಧಿ "ಬರೀ ಯಂತ್ರದಿಂದಲೇ" ಆದ ತೀರ್ಮಾನಕ್ಕೆ ಮಾತ್ರ ಕಡಿವಾಣ ಹಾಕುತ್ತೆ, ಹಂಗಾಗಿ ಮಧ್ಯದಲ್ಲಿ ಒಬ್ಬನ್ನ ಕೂರಿಸಿದ್ರೆ ಬಚಾವ್ ಅನ್ನೋ ಲೆಕ್ಕಾಚಾರ ನಡೀತಿತ್ತು. 2023ರ ಡಿಸೆಂಬರಲ್ಲಿ ಯುರೋಪಿನ ಕೋರ್ಟು ಜರ್ಮನಿಯ ಶೂಫಾ ಅನ್ನೋ ಕ್ರೆಡಿಟ್ ಸ್ಕೋರ್ ಕಂಪನಿ ಕೇಸಲ್ಲಿ, ಬ್ಯಾಂಕು ಆ ಸ್ಕೋರನ್ನೇ ಹೆಚ್ಚಾಗಿ ನಂಬಿ ತೀರ್ಮಾನ ಮಾಡ್ತಿದ್ರೆ ಸ್ಕೋರ್ ಹಾಕೋದೇ ಯಂತ್ರದ ಒಂದು ತೀರ್ಮಾನ ಅಂತು. ಸರಿಯಾದ ತೀರ್ಪು. ನ್ಯೂಯಾರ್ಕ್ ಸಿಟಿ ಮಾತ್ರ ಎಡವಿದೆ. ಕೆಲಸಕ್ಕೆ ಜನ ಆರಿಸೋ ಸಾಫ್ಟ್‌ವೇರನ್ನ ವರ್ಷವರ್ಷ ಆಡಿಟ್ ಮಾಡಿಸಿ ಅಂತ ಕಾನೂನು ಮಾಡಿ 2023ರ ಜುಲೈಯಿಂದ ಜಾರಿಗೆ ತಂದ್ರು, ಆದ್ರೆ ತಾನು ಬಳಸೋ ಸಾಫ್ಟ್‌ವೇರ್ ಇದಕ್ಕೆ ಒಳಪಡುತ್ತಾ ಅಂತ ತೀರ್ಮಾನಿಸೋನು ಕೆಲಸ ಕೊಡೋ ಕಂಪನಿಯವನೇ! ಸಂಶೋಧಕರು 391 ಕಂಪನಿ ವೆಬ್‌ಸೈಟ್ ಜಾಲಾಡಿದ್ರೆ ಆಡಿಟ್ ರಿಪೋರ್ಟ್ ಸಿಕ್ಕಿದ್ದು 18ರಲ್ಲಿ.

ನಮ್ಮ ಪಕ್ಕದ ತೆಲಂಗಾಣಕ್ಕೆ ಬನ್ನಿ. ಅಲ್ಲಿ ಸಮಗ್ರ ವೇದಿಕ ಅನ್ನೋ ಸಿಸ್ಟಮ್ ಬೇರೆ ಬೇರೆ ಇಲಾಖೆ ದಾಖಲೆಗಳಲ್ಲಿರೋ ಹೆಸರು ವಿಳಾಸ ತಾಳೆ ಹಾಕುತ್ತೆ, ಒಂದೇ ಥರ ಹೆಸರಿದ್ರೆ ಯಾರದೋ ಕಾರು ಇನ್ಯಾರದೋ ತಲೆಗೆ, ಮುಗೀತು ರೇಷನ್ ಕಾರ್ಡ್. ಕಂಪ್ಯೂಟರ್ ಹೇಳ್ತು ಅಂತ ಲಕ್ಷಗಟ್ಟಲೆ ಕಾರ್ಡ್ ರದ್ದಾದ ಕೇಸಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು, ಹೋಗಿ ಮನೆಮನೆ ನೋಡ್ಕೊಂಡು ಬನ್ನಿ ಅಂತ ಹೇಳ್ಬೇಕಾಯ್ತು. ಇಲ್ಲದ ಕಾರು ಇಲ್ಲ ಅಂತ ಸಾಬೀತು ಮಾಡೋ ಹೊಣೆ ಅಕ್ಕಿಗೆ ಕ್ಯೂ ನಿಂತಿರೋ ಹೆಂಗಸಿನ ಮೇಲೆ ಬೀಳುತ್ತಲ್ಲ, ನನಗೆ ಹೊಟ್ಟೆ ಉರಿಯೋದು ಅದಕ್ಕೆ. ಕಾರಿದೆ ಅಂತ ತೋರಿಸ್ಬೇಕಾದೋರು ಆಫೀಸಿನೋರು, ಕಾರ್ಡ್ ರದ್ದು ಮಾಡೋಕೆ ಮುಂಚೆ.

ನಮ್ಮ 2023ರ ಡೇಟಾ ಕಾಯ್ದೆಯಲ್ಲಿ ತಪ್ಪಿದ್ರೆ ತಿದ್ದಿಸೋ ಹಕ್ಕಿದೆ, ಆದ್ರೆ ಯಂತ್ರದ ತೀರ್ಮಾನಕ್ಕೆ ಕಾರಣ ಕೇಳೋ ಹಕ್ಕಿಲ್ಲ. ಅದು ಬರಲಿ, ಜೊತೆಗೆ ಇನ್ನೊಂದು ಸೇರಿಸ್ಲಿ: ಮನುಷ್ಯ ನೋಡ್ತಾನೆ ಅನ್ನೋ ಪ್ರತಿ ಬ್ಯಾಂಕು, ಪ್ರತಿ ಇಲಾಖೆ, ಆ ಮನುಷ್ಯ ಎಷ್ಟು ಸಲ ಸ್ಕೋರಿಗೆ ಉಲ್ಟಾ ಹೋದ, ಯಾವ ಪಿನ್‌ಕೋಡಲ್ಲಿ ಹೋದ, ಲೆಕ್ಕ ಹೊರಗೆ ಹಾಕ್ಲಿ. ಕಷ್ಟ ಏನಿಲ್ಲ, ನಮ್ಮ ಡೇಟಾಬೇಸಲ್ಲಿ ಒಂದೇ ಕ್ವೆರಿಗೆ ಬರುತ್ತೆ. ನಾನಿರೋ ಪ್ರಾಜೆಕ್ಟಲ್ಲಿ ಇಲ್ಲಿವರ್ಗೂ ಯಾವ ಕ್ಲೈಂಟೂ ಕೇಳಿಲ್ಲ.