ಹಾಡು ಮುಗಿದ ಮೇಲೆ ವೈರ್ ಸುತ್ತುವವರು

ನಾನು ನಮ್ಮ ಸಂಗೀತ ಕ್ಲಬ್ಬಿಗೆ ಸೇರಿದ್ದು ಗಿಟಾರ್ ನುಡಿಸುವುದಕ್ಕೆ. ನುಡಿಸಿದ್ದು ಎರಡೇ ಸಲ. ಮೂರನೇ ಸಲ ಹೋದಾಗ ಮಿಕ್ಸರ್ ಮುಂದೆ, ಅಂದರೆ ಎಲ್ಲ ಮೈಕುಗಳ ದನಿಯನ್ನು ಏರಿಸಿ ಇಳಿಸುವ ಯಂತ್ರದ ಮುಂದೆ, ಕೂರುವವರು ಬಂದಿರಲಿಲ್ಲ. ಯಾರೋ "ನಿಮಗೆ ಇದೆಲ್ಲ ಗೊತ್ತಲ್ವಾ?" ಅಂದರು. ನಾನು ಸುಮ್ನೆ ಇರಬಾರದಾ, "ಸ್ವಲ್ಪ ಗೊತ್ತು" ಅಂದುಬಿಟ್ಟೆ. ಆ ಒಂದು ಮಾತಿಗೆ ಈಗ ಆರು ವರ್ಷ ತುಂಬಿದೆ.

ಕ್ಲಬ್ ಅಂದರೆ ದೊಡ್ಡದೇನಲ್ಲ. ತಿಂಗಳಿಗೊಂದು ಸಂಜೆ, ಯಾರು ಬೇಕಾದರೂ ಬಂದು ಎರಡು ಹಾಡು ಹಾಡಬಹುದು. ಯಾರಿಗೂ ಸಂಬಳವಿಲ್ಲ. ಕೇಳುವವರಿಗೆ ಅದು ಎರಡೂವರೆ ಗಂಟೆಯ ಸಂಜೆ, ನಮಗೆ ಆರು ಗಂಟೆಯ ಕೆಲಸ.

ಮೊದಲು ವೈರಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಅರ್ಧ ಜೀವನ ಅದರಲ್ಲೇ ಹೋಗಿದೆ. ಸಹಾಯ ಮಾಡಲು ಬಂದವರು ಪ್ರೀತಿಯಿಂದ ಮೈಕಿನ ವೈರನ್ನು ಅಂಗೈ ಮೊಣಕೈ ಸೇರಿಸಿ ಹಗ್ಗದ ಹಾಗೆ ಸುತ್ತುತ್ತಾರೆ. ಹಾಗೆ ಸುತ್ತಿದರೆ ಪ್ರತಿ ಸುತ್ತಿಗೂ ವೈರು ಒಂದೇ ಕಡೆಗೆ ತಿರುಚಿಕೊಳ್ಳುತ್ತದೆ, ಒಳಗಿನ ಎಳೆಗಳು ಸವೆಯುತ್ತವೆ, ಒಂದು ದಿನ ಹಾಡಿನ ಮಧ್ಯೆ ಕರಕರ ಶುರುವಾಗುತ್ತದೆ. ಒಂದು ಸುತ್ತು ಮೇಲಿಂದ, ಮುಂದಿನದು ಒಳಗಿಂದ ಹಾಕಬೇಕು. ಆಗ ತಿರುಚಿದ್ದು ತಾನೇ ಬಿಚ್ಚಿಕೊಳ್ಳುತ್ತದೆ, ಮುಂದಿನ ಸಲ ಎಸೆದರೆ ಗಂಟಾಗದೆ ನೇರವಾಗಿ ಹರಡುತ್ತದೆ. ಕಲಿಯಲು ಹತ್ತು ನಿಮಿಷ ಸಾಕು. ಕಲಿಸುವ ತಾಳ್ಮೆ ಮಾತ್ರ ರಾತ್ರಿ ಹನ್ನೊಂದಕ್ಕೆ ಯಾರಿಗೂ ಇರುವುದಿಲ್ಲ.

ಇನ್ನು ಕೂಗುವ ಸ್ಪೀಕರ್. ಕುಂಯ್ ಅಂತ ಶಬ್ದ ಬಂದ ತಕ್ಷಣ ಇಡೀ ಸಭೆ ತಿರುಗಿ ನನ್ನ ಮುಖ ನೋಡುತ್ತದೆ. ಸ್ಪೀಕರಿನಿಂದ ಬಂದ ದನಿಯನ್ನೇ ಮೈಕ್ ಮತ್ತೆ ಕೇಳಿಸಿಕೊಂಡು ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಅಷ್ಟೇ ಕಥೆ. ಆದರೆ ಎಷ್ಟೋ ಸಲ ಕಾರಣ ಹಾಡುವವರ ಕೈ. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಾರೆ, ನೋಡೋಕೆ ಸ್ಟೈಲಾಗಿರುತ್ತದೆ. ಹಾಡಿನ ಮೈಕು ಸಾಮಾನ್ಯವಾಗಿ ಎದುರಿನ ದನಿಯನ್ನು ಜಾಸ್ತಿ, ಹಿಂದಿನದನ್ನು ಕಡಿಮೆ ಹಿಡಿಯುವಂತೆ ಮಾಡಿರುತ್ತಾರೆ. ಜಾಲರಿ ಮುಚ್ಚಿದರೆ ಆ ಗುಣವೇ ಹೋಗಿ ಅದು ಎಲ್ಲ ಕಡೆಯದನ್ನೂ ಹೀರತೊಡಗುತ್ತದೆ. ವೇದಿಕೆಯ ಮೇಲಿರುವವರಿಗೆ ಇದನ್ನು ಕೂಗಿ ಹೇಳುವ ಹಾಗಿಲ್ಲ. ನಾನು ದೂರದಿಂದ ಕೈ ಕೆಳಗಿಳಿಸಿ ಅಂತ ಸನ್ನೆ ಮಾಡುತ್ತೇನೆ, ಅವರು ನಾನು ಟಾಟಾ ಮಾಡುತ್ತಿದ್ದೇನೆ ಅಂದುಕೊಂಡು ವಾಪಸ್ ಟಾಟಾ ಮಾಡುತ್ತಾರೆ.

ಖಾಲಿ ಸಭಾಂಗಣದಲ್ಲಿ ಗಂಟೆಗಟ್ಟಲೆ ಸರಿ ಮಾಡಿಟ್ಟ ಸೌಂಡು ಜನ ತುಂಬಿದ ಮೇಲೆ ಮಂಕಾಗುವುದು ಇನ್ನೊಂದು ತಲೆನೋವು. ಮೈ, ಬಟ್ಟೆ ಎಲ್ಲ ದನಿಯನ್ನು ಹೀರುತ್ತವೆ, ಅದರಲ್ಲೂ ತೆಳ್ಳನೆಯ ಮೇಲಿನ ಸ್ವರಗಳನ್ನು. ಜೊತೆಗೆ ಸಭಾಂಗಣ ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಶಬ್ದ ವೇಗವಾಗಿ ಓಡುತ್ತದೆ, ಹಾಗಾಗಿ ಕೊಳಲಿನ ಶ್ರುತಿ ಏರುತ್ತದೆ. ಅದೇ ಸೆಕೆಗೆ ಗಿಟಾರಿನ ಲೋಹದ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಸಂಜೆ ಆರಕ್ಕೆ ಒಂದಾಗಿದ್ದ ಜೋಡಿ ಎಂಟೂವರೆಗೆ ಒಬ್ಬರ ಮುಖ ಒಬ್ಬರು ನೋಡುವುದು ಇದಕ್ಕೇ. ಇಬ್ಬರದೂ ತಪ್ಪಿಲ್ಲ ಪಾಪ.

ಇಷ್ಟೆಲ್ಲ ಹೇಳಿದರೂ, ಕಷ್ಟದ ಕೆಲಸ ನನ್ನದಲ್ಲ. ಅದು ಹೆಸರಿನ ಪಟ್ಟಿ ಹಿಡಿದು ಬಾಗಿಲ ಹತ್ತಿರ ನಿಲ್ಲುವ ಅಕ್ಕನದು. ಯಂತ್ರ ಮುನಿಸಿಕೊಂಡರೆ ಸ್ವಿಚ್ ಆರಿಸಿ ಹಾಕಬಹುದು, ಹಾಡುವವರು ಮುನಿಸಿಕೊಂಡರೆ? "ಇನ್ನೊಂದೇ ಒಂದು" ಅನ್ನುವವರನ್ನು ನಗುತ್ತಲೇ ಇಳಿಸಬೇಕು. ಮೊದಲ ಸಲ ಹಾಡುವವರನ್ನು ಆಕೆ ಎಂದೂ ಮೊದಲನೆಯವರಾಗಿ ಹಾಕುವುದಿಲ್ಲ, ತುಂಬ ಚೆನ್ನಾಗಿ ಹಾಡುವವರ ಹಿಂದೆಯೂ ಹಾಕುವುದಿಲ್ಲ. ಮೂರನೆಯದೋ ನಾಲ್ಕನೆಯದೋ ಕೊಡುತ್ತಾರೆ, ಅಷ್ಟು ಹೊತ್ತಿಗೆ ಸಭೆ ಮೆತ್ತಗಾಗಿರುತ್ತದೆ. ಇದು ಯಾವ ಪುಸ್ತಕದಲ್ಲೂ ಇಲ್ಲ. ಕೈ ನಡುಗುತ್ತಿದ್ದ ಎಷ್ಟೋ ಜನ ಮುಂದಿನ ತಿಂಗಳು ಮತ್ತೆ ಬಂದದ್ದು ಆ ಪಟ್ಟಿಯಿಂದ, ನನ್ನ ಮಿಕ್ಸರಿನಿಂದಲ್ಲ.

ಲೆಕ್ಕ ಬರೆಯುವವರು, ಕುರ್ಚಿ ಜೋಡಿಸುವವರು, ಬೇರೆಯವರ ಹಾಡು ಹಾಡಿದರೆ ಹಕ್ಕಿನ ಶುಲ್ಕದ ಕಾಗದ ಯಾರು ತುಂಬಬೇಕು ಅಂತ ವಿಚಾರಿಸುವವರು, ಎಲ್ಲರೂ ಇದ್ದಾರೆ. ಸೌಂಡ್ ಜಾಸ್ತಿಯಾಯಿತು ಅಂತ ಮೊಬೈಲಿನಲ್ಲಿ ಡೆಸಿಬಲ್ ಅಳೆದು ತೋರಿಸುವ ಒಬ್ಬರೂ ಇದ್ದಾರೆ. ಮೊದಲು ಅವರನ್ನು ಕಂಡರೆ ಕಿರಿಕಿರಿ ಆಗುತ್ತಿತ್ತು. ಆಮೇಲೆ ಓದಿದೆ, ಇಂಥ ಜಾಗಗಳಲ್ಲಿ ಸರಾಸರಿ ಶಬ್ದ 100 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆಯಂತೆ. ಈಗ ಅವರು ಫೋನ್ ಎತ್ತಿದರೆ ನಾನು ವಾದ ಮಾಡದೆ ಇಳಿಸುತ್ತೇನೆ.

ನಮ್ಮ ಕ್ಲಬ್ ಒಮ್ಮೆ ಮುಚ್ಚುವ ಹಂತಕ್ಕೆ ಹೋಗಿತ್ತು. ಹಾಡುವವರು ಕಡಿಮೆಯಾಗಿ ಅಲ್ಲ, ದುಡ್ಡಿಲ್ಲದೆಯೂ ಅಲ್ಲ. ಎಲ್ಲ ಕೆಲಸವನ್ನೂ ಒಬ್ಬರೇ ಮಾಡುತ್ತಿದ್ದರು, ತುಂಬ ಒಳ್ಳೆಯವರು, ಅವರು ಊರು ಬಿಟ್ಟರು. ಬೀಗದ ಕೈ ಯಾರ ಹತ್ತಿರ, ಮೇಲ್ ಪಾಸ್‌ವರ್ಡ್ ಏನು, ಯಾವ ಸ್ಪೀಕರಿನ ಸಾಕೆಟ್ ಸಡಿಲ, ಒಂದೂ ಯಾರಿಗೂ ಗೊತ್ತಿಲ್ಲ. ಮೂರು ತಿಂಗಳು ಪರದಾಡಿದೆವು. ಆಮೇಲೆ ಒಂದು ನೋಟ್ ಪುಸ್ತಕ ಇಟ್ಟೆವು. ಪ್ರತಿ ವೈರಿಗೂ ಬಣ್ಣದ ಟೇಪ್ ಅಂಟಿಸಿದೆವು. ಜನ ಸೇರಿಸುವ ರೀತಿಯೂ ಬದಲಾಯಿತು. ವೇದಿಕೆಯಿಂದ "ಸ್ವಯಂಸೇವಕರು ಬೇಕು" ಅಂದರೆ ಎಲ್ಲರೂ ನೆಲ ನೋಡುತ್ತಾರೆ. ಒಬ್ಬರ ಹತ್ತಿರ ಹೋಗಿ "ಮುಂದಿನ ಸಲ ಅರ್ಧ ಗಂಟೆ ಮುಂಚೆ ಬಂದು ಕುರ್ಚಿ ಹಾಕ್ತೀರಾ?" ಅಂತ ಕೇಳಿದರೆ ಹತ್ತರಲ್ಲಿ ಏಳು ಜನ ಬರುತ್ತಾರೆ, ಇದು ನನ್ನ ಲೆಕ್ಕ.

ಆದರೂ ನಾನು ಬುದ್ಧಿ ಕಲಿತಿರಲಿಲ್ಲ ನೋಡಿ. ಹೋದ ವರ್ಷ ಕಾಲೇಜು ಓದುವ ಹುಡುಗಿಯೊಬ್ಬಳು ಮಿಕ್ಸರ್ ಕಲಿಯಲು ಬಂದಳು. ಅವಳು ಯೋಚಿಸಿ ಒಂದು ಗುಂಡಿ ತಿರುಗಿಸುವಷ್ಟರಲ್ಲಿ ನಾನು ಕೈ ಚಾಚಿ ತಿರುಗಿಸಿಬಿಡುತ್ತಿದ್ದೆ. ಪಟ್ಟಿ ಹಿಡಿಯುವ ಅಕ್ಕ ಎರಡು ಸಲ ನೋಡಿ, ಮೂರನೇ ಸಲ ನನ್ನನ್ನು ಪಕ್ಕಕ್ಕೆ ಕರೆದು, "ಹೀಗೇ ಮಾಡ್ತಾ ಇರಿ, ಅವಳು ಮುಂದಿನ ತಿಂಗಳು ಬರಲ್ಲ" ಅಂದರು. ಅವತ್ತಿನಿಂದ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ನಿಲ್ಲುತ್ತೇನೆ. ಸುಲಭವಲ್ಲ. ಕಾಂಡೆನ್ಸರ್ ಅನ್ನುವ ಬಗೆಯ ಮೈಕಿಗೆ ಮಿಕ್ಸರಿನಿಂದ ಹೋಗುವ 48 ವೋಲ್ಟ್ ಕರೆಂಟನ್ನು ಆರಿಸದೆ ವೈರ್ ಕಿತ್ತು ಒಮ್ಮೆ ಢಬ್ ಅನ್ನಿಸಿದಳು, ಇಡೀ ಸಭೆ ಬೆಚ್ಚಿತು, ನಾನು ಜೇಬಿನಲ್ಲೇ ಮುಷ್ಟಿ ಹಿಡಿದೆ. ಎರಡನೇ ಸಲ ಆ ತಪ್ಪು ಮಾಡಲಿಲ್ಲ.

ಹೋದ ತಿಂಗಳು ಅಕ್ಕ ಕೇಳದೆಯೇ ಪಟ್ಟಿಯಲ್ಲಿ ನನ್ನ ಹೆಸರು ಬರೆದಿದ್ದರು. ನಾಲ್ಕನೆಯದು. ಆರು ವರ್ಷದ ಮೇಲೆ ಗಿಟಾರ್ ಹಿಡಿದು ಆ ಕಡೆ ಕೂತೆ, ಮಿಕ್ಸರ್ ಮುಂದೆ ಅವಳು. ಎರಡನೇ ಹಾಡಿನ ಮಧ್ಯದಲ್ಲಿ ನನ್ನ ಗಿಟಾರಿನ ದನಿ ಮೆಲ್ಲಗೆ ತಗ್ಗಿತು. ಅವಳೇ ತಗ್ಗಿಸಿದ್ದು. ಸೆಕೆಗೆ ತಂತಿ ಇಳಿದಿತ್ತು, ನನಗೂ ಕೇಳಿಸುತ್ತಿತ್ತು.