ಬೋರ್‌ವೆಲ್ ಮುಚ್ಚುವ ಕೆಲಸ

ಚಾಮರಾಜನಗರದ ಕಡೆ ಹಲವು ವರ್ಷ ಸೋಲಾರ್ ಪಂಪು ಕೂರಿಸುತ್ತಿದ್ದವನು ನಾನು. ಬಂಡೀಪುರದ ಕೆರೆಗಳು ಬೇಸಿಗೆಯಲ್ಲಿ ಬತ್ತಿದಾಗ ಬೋರ್‌ವೆಲ್ ನೀರು ಹಾಯಿಸಿ ತುಂಬಿಸುವುದನ್ನು ಕಂಡಿದ್ದ ನನಗೆ, ಕಾಡುಪ್ರಾಣಿಗಳಿಗೆ ನೀರೊದಗಿಸುವುದು ಪುಣ್ಯದ ಕೆಲಸ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದೇ ನಂಬಿಕೆಯನ್ನು ಹೊತ್ತು ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡಿರುವ ಒಂದು ಖಾಸಗಿ ವನ್ಯಧಾಮದಲ್ಲಿ ಪಂಪುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ.

ಕ್ರೂಗರ್‌ನ ಪಶ್ಚಿಮಕ್ಕೆ ಸಾಬಿ ಸ್ಯಾಂಡ್, ಟಿಂಬಾವಟಿ, ಕ್ಲಾಸೇರಿ ಮುಂತಾದ ಖಾಸಗಿ ವನ್ಯಧಾಮಗಳಿವೆ. ಜಮೀನಿನ ಮಾಲೀಕರು ತಮ್ಮ ತಮ್ಮ ಭೂಮಿಯನ್ನು ಒಂದುಗೂಡಿಸಿ, ಒಂದೇ ನಿಯಮದಡಿ ನಡೆಸುವ ಕಾಡುಗಳಿವು. 1993ರಲ್ಲಿ ಉದ್ಯಾನಕ್ಕೂ ಇವುಗಳಿಗೂ ನಡುವಿನ ಬೇಲಿಯನ್ನು ತೆಗೆಯತೊಡಗಿದ ಮೇಲೆ ಆನೆ, ಕಾಡೆಮ್ಮೆಗಳು ತಡೆಯಿಲ್ಲದೆ ಓಡಾಡುತ್ತವೆ. ಊರು ಮತ್ತು ದನಕರುಗಳ ಕಡೆಗಿರುವ ಬೇಲಿ ಮಾತ್ರ ಉಳಿದಿದೆ. ಕಾಡೆಮ್ಮೆಗಳಿಂದ ಕಾಲುಬಾಯಿ ಜ್ವರ ಹರಡಬಾರದೆಂಬುದು ಅದಕ್ಕಿರುವ ಮುಖ್ಯ ಕಾರಣಗಳಲ್ಲೊಂದು.

ಸೇರಿದ ಮೊದಲ ಬೇಸಿಗೆಯಲ್ಲೇ ನಾನು ತಪ್ಪಿದೆ. ಅತಿಥಿಗೃಹವೊಂದರ ಜಗಲಿಯೆದುರು ಮುಚ್ಚಿದ್ದ ಹಳೆಯ ಬೋರ್‌ವೆಲ್ಲನ್ನು ಮತ್ತೆ ಚಾಲೂ ಮಾಡಿದರೆ ಪ್ರಾಣಿಗಳಿಗೆ ನೀರೂ ಸಿಗುತ್ತದೆ, ಅತಿಥಿಗಳಿಗೆ ಆನೆಯೂ ಕಾಣುತ್ತದೆ ಎಂದು ಖರ್ಚುವೆಚ್ಚದ ಸಮೇತ ವರದಿ ಬರೆದುಕೊಟ್ಟೆ. ಹಿರಿಯ ಕಾವಲುಗಾರರೊಬ್ಬರು ಅದನ್ನು ಓದಿ, ಏನೂ ಹೇಳದೆ, ನೀರು ಬತ್ತದ ಇನ್ನೊಂದು ಹೊಂಡಕ್ಕೆ ನನ್ನನ್ನು ಕರೆದೊಯ್ದರು. ಹೊಂಡದ ಸುತ್ತ ಒಂದೆಳೆ ಹುಲ್ಲಿರಲಿಲ್ಲ. ನೆಲ ಕಣದಂತೆ ಗಟ್ಟಿಯಾಗಿ, ಒಣಲದ್ದಿಯ ಪುಡಿಯಿಂದ ಬೂದುಬಣ್ಣಕ್ಕೆ ತಿರುಗಿತ್ತು. ಮರೂಲಾ ಮರದ ತೊಗಟೆಯನ್ನು ಆನೆಗಳು ಆಳೆತ್ತರಕ್ಕೂ ಮೇಲೆ ಸುಲಿದಿದ್ದವು. ನೀರಿನಿಂದ ದೂರ ದೂರ ನಡೆದಮೇಲೆಯೇ ಕಾಲಿಗೆ ಹುಲ್ಲು ತಾಗಿತು.

1982–83ರ ಬರಗಾಲದ ಕಥೆಯನ್ನು ಅವರು ಅಲ್ಲಿ ನಿಂತು ಹೇಳಿದರು. ಕ್ಲಾಸೇರಿಯಲ್ಲಿ ನೀರಿನ ತಾಣಗಳು ಹತ್ತಿರ ಹತ್ತಿರ ಇದ್ದುದರಿಂದ ಮೇಯುವ ಪ್ರಾಣಿಗಳು ಎಲ್ಲ ಕಡೆಯೂ ಹರಡಿ ಮೇದಿದ್ದವು, ಬರಕ್ಕೆಂದು ಉಳಿದ ಹುಲ್ಲುಗಾವಲೇ ಇರಲಿಲ್ಲ. ಅಲ್ಲಿ ಸತ್ತವು ಬಾಯಾರಿ ಸತ್ತದ್ದಲ್ಲ, ಹೊಟ್ಟೆಗಿಲ್ಲದೆ ಸತ್ತವು; ನೀರಿನ ತಾಣಗಳು ದೂರ ದೂರವಿದ್ದ ಕ್ರೂಗರ್‌ನಲ್ಲಿ ಸಾವು ಅಷ್ಟಿರಲಿಲ್ಲ. ಆದರೆ ಕ್ರೂಗರ್ ಕೂಡ ಬೇರೊಂದು ಬಗೆಯಲ್ಲಿ ಪಾಠ ಕಲಿಯಬೇಕಾಯಿತು. ಅದರ ಉತ್ತರ ಭಾಗದಲ್ಲಿ ಬೋರ್‌ವೆಲ್ ನೀರಿಗೆ ಜೀಬ್ರಾಗಳು ಬಂದವು, ಅವುಗಳ ಬೆನ್ನಿಗೆ ಸಿಂಹಗಳು ಬಂದವು, ಮೊದಲೇ ಅಪರೂಪವಾಗಿದ್ದ ರೋನ್ ಎಂಬ ಹುಲ್ಲೆಗಳ ಸಂಖ್ಯೆ ಕುಸಿಯಿತು. 1990ರ ದಶಕದಿಂದ ಉದ್ಯಾನದವರು ಇಂಥ ಬೋರ್‌ವೆಲ್‌ಗಳನ್ನು ಬಹುಪಾಲು ಮುಚ್ಚುತ್ತ ಬಂದರು. ಬೇಲಿಯಿಲ್ಲದ ನೆರೆಯವರು ಜಗಲಿಗೊಂದರಂತೆ ಹೊಂಡ ತೋಡಿದರೆ ಉದ್ಯಾನದವರ ಆ ಶ್ರಮವೂ ವ್ಯರ್ಥವೇ.

ವರದಿಯನ್ನು ಹಿಂದಕ್ಕೆ ಪಡೆದೆ. ಮಾಲೀಕರಿಗೆ ಬೇಸರವಾಯಿತು, ಅದು ಸಹಜ. ಅತಿಥಿಗಳ ಹಣದಿಂದಲೇ ಕಾವಲಿನವರ ಸಂಬಳ ನಡೆಯಬೇಕು. ಆ ವರ್ಷ ಇನ್ನೂ ಎರಡು ಬೋರ್‌ವೆಲ್‌ಗಳ ಪಂಪನ್ನು ಮೇಲೆತ್ತಿ, ಬಾಯಿಗೆ ಮುಚ್ಚಳ ಬೆಸೆದೆ. ಈಗ ಯಾರಾದರೂ ಕಾಡಂಚಿನಲ್ಲಿ ಪಂಪು ಕೂರಿಸಿಕೊಡಿ ಎಂದು ಕೇಳಿದರೆ, ಹತ್ತಿರದ ನೀರು ಎಷ್ಟು ದೂರದಲ್ಲಿದೆ, ನಡುವೆ ಹುಲ್ಲು ಎಷ್ಟು ಉಳಿದಿದೆ ಎಂದು ನಡೆದು ನೋಡಿದ ಮೇಲೆಯೇ ಪೈಪಿನ ಅಳತೆ ತೆಗೆದುಕೊಳ್ಳುತ್ತೇನೆ.